ದೊಡ್ಡಪ್ಪನ ಟ್ರಂಕಲ್ಲಿ ಸಿಕ್ಕ ಚಿಕಾಗೋ ಗುಟ್ಟಿನ ಪುಸ್ತಕ: ಇದರಲ್ಲಿರೋದು ನಿಜಾನಾ?

ಪ್ರಶ್ನೆ: ಸಾರ್, ನಮ್ಮ ದೊಡ್ಡಪ್ಪ 1958ರಲ್ಲಿ ಎಂಜಿನಿಯರಿಂಗ್ ಓದೋಕೆ ಚಿಕಾಗೋಗೆ ಹೋಗಿ ನಾಲ್ಕು ವರ್ಷ ಇದ್ದು ಬಂದೋರು. ಅವರು ತೀರಿಕೊಂಡು ವರ್ಷ ಆಯ್ತು, ಈಗ ದಾವಣಗೆರೆ ಮನೆ ಖಾಲಿ ಮಾಡ್ತಿದ್ದಾಗ ಅಟ್ಟದ ಮೇಲಿನ ಟ್ರಂಕಲ್ಲಿ 'ಚಿಕಾಗೋ ಕಾನ್ಫಿಡೆನ್ಶಿಯಲ್' ಅನ್ನೋ ಪುಸ್ತಕ ಸಿಕ್ತು. ತೆಗೆದು ನೋಡಿದ್ರೆ ಬಾರು, ಜೂಜು, ಗ್ಯಾಂಗ್‌ಸ್ಟರ್‌ಗಳು, ಹೆಣ್ಣುಗಳ ದಂಧೆ, ಬರೀ ಇದೇ. ಒಂದೆರಡು ಕಡೆ ಪೆನ್ಸಿಲ್‌ನಲ್ಲಿ ಗೆರೆ ಬೇರೆ ಎಳೆದಿದ್ದಾರೆ. ಇದರಲ್ಲಿರೋದೆಲ್ಲ ನಿಜಾನಾ? ಮಾರಿದ್ರೆ ಏನಾದ್ರೂ ಬರುತ್ತಾ? ಇನ್ನೊಂದು ಕೇಳೋಕೆ ಮುಜುಗರ, ದೊಡ್ಡಪ್ಪ ಇಂಥ ಕಡೆಗೆಲ್ಲ ಓಡಾಡ್ತಿದ್ರು ಅಂತನಾ ಇದರ ಅರ್ಥ? ದೊಡ್ಡಮ್ಮನಿಗೆ ಇನ್ನೂ ತೋರಿಸಿಲ್ಲ.

ಉತ್ತರ: ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ನಿಮ್ಮ ನಿದ್ದೆ ಕೆಡಿಸಿರೋದು ಅದೇ ಅಂತ ಗೊತ್ತಾಗ್ತಿದೆ. ಮನೇಲಿ ಪುಸ್ತಕ ಇತ್ತು ಅಂದ ಮಾತ್ರಕ್ಕೆ ಮನುಷ್ಯ ಅಲ್ಲಿಗೆ ಹೋಗಿದ್ದ ಅಂತ ಆಗಲ್ಲ. ನಮ್ಮನೇಲಿ ಹಿಮಾಲಯ ಹತ್ತೋದರ ಬಗ್ಗೆ ಮೂರು ಪುಸ್ತಕ ಇದೆ, ನಾನು ಚಾಮುಂಡಿ ಬೆಟ್ಟಕ್ಕೂ ಬಸ್ಸಲ್ಲೇ ಹೋಗೋದು. ಲೆಕ್ಕ ಹಾಕಿ ನೋಡಿ, ಪುಸ್ತಕ ಬಂದಿದ್ದು 1950ರಲ್ಲಿ, ದೊಡ್ಡಪ್ಪ ಹೋಗಿದ್ದು 58ರಲ್ಲಿ. ನೈಟ್‌ಕ್ಲಬ್ಬು ಅನ್ನೋದು ಮದುವೆ ಚಪ್ಪರ ಇದ್ದಂಗೆ, ಎಂಟು ವರ್ಷ ಅದೇ ಹೆಸರಲ್ಲಿ ಅದೇ ಜಾಗದಲ್ಲಿ ನಿಂತಿರೋದು ಅಪರೂಪ. ಅಂದ್ರೆ ಅವರ ಕೈಗೆ ಸಿಗೋ ಹೊತ್ತಿಗೇ ಇದು ಹಳೇ ರೈಲ್ವೆ ಟೈಂಟೇಬಲ್ ಆಗಿತ್ತು, ಬಹುಶಃ ಸೆಕೆಂಡ್ ಹ್ಯಾಂಡ್ ಅಂಗಡಿ ರಾಶಿಯಲ್ಲಿ ಹತ್ತಿಪ್ಪತ್ತು ಸೆಂಟಿಗೆ ಸಿಕ್ಕಿರುತ್ತೆ, ಹಾಸ್ಟೆಲ್ ರೂಮಲ್ಲಿ ಚಳಿಗೆ ಹೊದ್ದುಕೊಂಡು ಓದಿರ್ತಾರೆ. ದಾವಣಗೆರೆಯಿಂದ ಹೋದ ಇಪ್ಪತ್ತೆರಡರ ಹುಡುಗ, ಊರ ತುಂಬ ಹಿಮ, ಜೇಬು ಖಾಲಿ. ಇಂಥ ಪುಸ್ತಕಗಳನ್ನ ಕೊಂಡುಕೊಂಡಿದ್ದೇ ಹೆಚ್ಚಾಗಿ ಇಂಥವರು. ಹೋಗೋನಿಗೆ ಪುಸ್ತಕ ಬೇಕಾಗಿಲ್ಲ, ಟ್ಯಾಕ್ಸಿ ಡ್ರೈವರನ್ನ ಕೇಳಿದ್ರೆ ಸಾಕು.

ನಾನು ಈ ಜಾತಿ ಪುಸ್ತಕಗಳ ಹಿಂದೆ ಬಿದ್ದು ಮೂವತ್ತು ವರ್ಷದ ಮೇಲಾಯ್ತು. ಅವೆನ್ಯೂ ರೋಡ್ ಫುಟ್‌ಪಾತಲ್ಲಿ ರಟ್ಟಿಲ್ಲದ ಒಂದು ಲಂಡನ್ ಗೈಡ್‌ನಿಂದ ಶುರುವಾದ ಚಟ. ಮನೆಯವರಿಗೆ 'ನಗರ ಚರಿತ್ರೆ' ಅಂತ ಹೇಳಿದೀನಿ, ಅದು ಸುಳ್ಳೂ ಅಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿತ ಒಂದೇ ಒಂದು ಉಪಾಯ ಇದೆ, ಅದನ್ನೇ ನಿಮಗೆ ಹೇಳ್ತೀನಿ: ಇಂಥ ಪುಸ್ತಕದಲ್ಲಿ ಯಾವ ಸಾಲು ಓದಿದ್ರೂ ಮೊದಲು ಕೇಳ್ಕೋಬೇಕಾದ್ದು 'ಈ ಸಾಲಿಗೆ ದುಡ್ಡು ಕೊಟ್ಟೋರು ಯಾರು' ಅಂತ. ಅದು ಗೊತ್ತಾದ್ರೆ ಎಲ್ಲಿ ನಿಜ ಇದೆ, ಎಲ್ಲಿ ಬೂಸಿ ಬಿಟ್ಟಿದ್ದಾರೆ ಅನ್ನೋದು ತಾನಾಗೇ ಕಾಣುತ್ತೆ.

ಮೊದಲು ನಿಮ್ಮ ಪುಸ್ತಕ. ಬರೆದೋರು ಇಬ್ಬರು, ಜ್ಯಾಕ್ ಲೇಟ್ ಮತ್ತೆ ಲೀ ಮಾರ್ಟಿಮರ್. ಲೇಟ್ ಅನ್ನೋದು ಆಸಾಮಿಯ ಸರ್‌ನೇಮು, ನಮ್ಮ ಮದುವೆ ಕಾರ್ಡಲ್ಲಿ ಹಾಕೋ ಲೇಟ್ ಅಲ್ಲ. ಅವರು ನ್ಯೂಯಾರ್ಕಿನ ಡೈಲಿ ಮಿರರ್ ಅನ್ನೋ ಪೇಪರಿನ ಎಡಿಟರ್, ಹರ್ಸ್ಟ್ ಕಂಪನಿಯ ಟ್ಯಾಬ್ಲಾಯ್ಡು, ಕೊಲೆ ಕುದುರೆ ರೇಸು ಸಿನಿಮಾ ನಟಿಯರ ಡೈವೋರ್ಸು ಇಷ್ಟೇ ಸುದ್ದಿ. ಮಾರ್ಟಿಮರ್ ಅದೇ ಪೇಪರಲ್ಲಿ ನೈಟ್‌ಕ್ಲಬ್ ಕಾಲಂ ಬರೀತಿದ್ದೋನು. 1948ರಲ್ಲಿ 'ನ್ಯೂಯಾರ್ಕ್ ಕಾನ್ಫಿಡೆನ್ಶಿಯಲ್' ತಂದ್ರು, ಜನ ಮುಗಿಬಿದ್ದು ಕೊಂಡ್ರು, 50ರಲ್ಲಿ ಚಿಕಾಗೋ, 51ರಲ್ಲಿ ವಾಷಿಂಗ್ಟನ್, 52ರಲ್ಲಿ ಇಡೀ ಅಮೆರಿಕವನ್ನೇ ಒಂದು ಪುಸ್ತಕಕ್ಕೆ ತುಂಬಿದ್ರು. ವಾಷಿಂಗ್ಟನ್‌ದು ನ್ಯೂಯಾರ್ಕ್ ಟೈಮ್ಸ್ ಬೆಸ್ಟ್‌ಸೆಲ್ಲರ್ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೇ ಹೋಯ್ತು. 'ಯಾರಿಗೂ ಹೇಳ್ಬೇಡ, ನಿನಗೆ ಮಾತ್ರ ಹೇಳ್ತಿದೀನಿ' ಅನ್ನೋ ದನಿಯಲ್ಲಿ ಬರೆದ ಪುಸ್ತಕ ಊರೂರಲ್ಲಿ ರಾಶಿ ಹಾಕಿ ಮಾರಾಟ ಆಯ್ತು, ತಮಾಷೆ ನೋಡಿ.

ಮಾರ್ಟಿಮರ್ ಎಂಥ ಆಸಾಮಿ ಅಂತ ತಿಳೀಬೇಕಾದ್ರೆ ಒಂದು ಘಟನೆ ಸಾಕು. ಗಾಯಕ ಫ್ರಾಂಕ್ ಸಿನಾತ್ರಾ ಬಗ್ಗೆ ಕಾಲಂನಲ್ಲಿ ಬಿಡದೆ ಚುಚ್ಚುತಾ ಇದ್ದ, ಗ್ಯಾಂಗ್‌ಸ್ಟರ್‌ಗಳ ಸಹವಾಸ ಅಂತೆಲ್ಲ. 1947ರ ಏಪ್ರಿಲಲ್ಲಿ ಹಾಲಿವುಡ್ಡಿನ ಸೀರೋಸ್ ಅನ್ನೋ ನೈಟ್‌ಕ್ಲಬ್ ಹೊರಗಡೆ ಸಿನಾತ್ರಾ ಇವನಿಗೆ ಬಾರಿಸಿಯೇ ಬಿಟ್ಟ. ಕೇಸ್ ಆಯ್ತು, ಕೊನೆಗೆ 9,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡ. ಇದಾಗಿ ಮರುವರ್ಷವೇ ಮೊದಲ ಪುಸ್ತಕ ಬಂದಿದ್ದು. ಹೊಡೆತ ತಿಂದೋನು ಅನ್ನೋದೇ ಇವನ ಕಾಲಂಗೆ ದೊಡ್ಡ ಜಾಹೀರಾತಾಯ್ತು, 'ಇವನಿಗೆ ಒಳಗಿನ ವಿಷಯ ಗೊತ್ತಿಲ್ಲದೇ ಇದ್ರೆ ಯಾಕೆ ಹೊಡೀತಿದ್ರು' ಅಂತ ಜನಕ್ಕೆ ಅನ್ಸಿರ್ಬೇಕು.

ಈಗ ನಿಜ ಎಷ್ಟು ಸುಳ್ಳೆಷ್ಟು. ಈ ಸರಣಿಗೆ ದುಡ್ಡು ಕೊಟ್ಟೋರು ಓದುಗರು, ಅದೂ ಹೆಚ್ಚಾಗಿ ಆ ಊರಿನ ಹೊರಗಿನ ಓದುಗರು. ಅವರಿಗೆ ಬೇಕಾಗಿದ್ದು ಒಂದು ರೋಮಾಂಚನ, ಇನ್ನೊಂದು ಭಯ, ಎರಡರ ಜೊತೆಗೆ 'ಸದ್ಯ ನಾವು ಅಲ್ಲಿಲ್ಲ' ಅನ್ನೋ ಸಮಾಧಾನ. ಹಾಗಾಗಿ ಎಲ್ಲಿ ಯಾವ ಬೀದಿ ಯಾವುದಕ್ಕೆ ಫೇಮಸ್ಸು ಅನ್ನೋದು ಬಹುಪಾಲು ಸರಿ, ಅದರಲ್ಲಿ ಸುಳ್ಳು ಹೇಳಿದ್ರೆ ಊರಿನೋರು ನಗ್ತಾರೆ. ಲೇಟ್ ಹರೆಯದಲ್ಲಿ ಚಿಕಾಗೋದಲ್ಲೇ ರಿಪೋರ್ಟರ್ ಆಗಿ ಬೀದಿ ಸುತ್ತಿದೋರು ಕೂಡ. ರಷ್ ಸ್ಟ್ರೀಟು ಕ್ಲಬ್‌ಗಳ ಬೀದಿ, ನಾರ್ತ್ ಕ್ಲಾರ್ಕ್ ಸ್ಟ್ರೀಟು ಅಗ್ಗದ ಬಾರುಗಳದ್ದು, ಇಂಡಿಯಾನಾ ಗಡಿಯಲ್ಲಿರೋ ಕ್ಯಾಲುಮೆಟ್ ಸಿಟಿ ಅಂದ್ರೆ ರಾತ್ರಿಯೆಲ್ಲ ದೀಪ ಉರಿಯೋ ಊರು. ಪಕ್ಕದ ರಾಜ್ಯದ ಉಕ್ಕಿನ ಕಾರ್ಖಾನೆ ಕೆಲಸದವರು ಗಡಿ ದಾಟಿ ಬಂದು ಸಂಬಳ ಕಳ್ಕೊಂಡು ಹೋಗ್ತಿದ್ದ ಜಾಗ ಅದು. 'ಬಿ ಗರ್ಲ್' ಅಂತ ಪದ ನೋಡಿರ್ತೀರಿ, ಅದೂ ನಿಜವಾದ ದಂಧೆಯೇ: ಬಾರಲ್ಲಿ ಒಂಟಿ ಗಿರಾಕಿ ಪಕ್ಕ ಬಂದು ಕೂತು 'ನನಗೊಂದು ಡ್ರಿಂಕ್ ಕೊಡ್ಸಿ' ಅನ್ನೋದು, ಅವಳ ಗ್ಲಾಸಲ್ಲಿ ಬರೋದು ಬಣ್ಣದ ನೀರೋ ತಣ್ಣಗಿನ ಟೀನೋ, ಬಿಲ್ ಮಾತ್ರ ವಿಸ್ಕಿದು, ಅದರಲ್ಲಿ ಅವಳಿಗೆ ಕಮಿಷನ್ನು. ನಮ್ಮ ಕಡೆ ಲೈವ್ ಬ್ಯಾಂಡ್ ಬಾರುಗಳಲ್ಲಿ ಎಷ್ಟು ಜನ ಹೀಗೆ ಬೋಳಿಸಿಕೊಂಡು ಮನೆಗೆ ಹೋಗಿಲ್ಲ.

ಜೂಜಿನ ವಿಷಯ ಬಂದಾಗಲೂ ಸ್ವಲ್ಪ ಗಮನ ಕೊಟ್ಟು ಓದಿ. ಚಿಕಾಗೋದ ಗ್ಯಾಂಗ್‌ಸ್ಟರ್ ಅಲ್ ಕಪೋನ್ 1931ರಲ್ಲೇ ಟ್ಯಾಕ್ಸ್ ಕೇಸಲ್ಲಿ ಒಳಗೆ ಹೋದ, 47ರ ಜನವರಿಯಲ್ಲಿ ಸತ್ತ. ಆದ್ರೆ ಅವನ ಗ್ಯಾಂಗು ಹೋಗಲಿಲ್ಲ, ಮದ್ಯನಿಷೇಧ ಮುಗಿದ ಮೇಲೆ ಕಳ್ಳಬಟ್ಟಿ ಬಿಟ್ಟು ಕುದುರೆ ಜೂಜಿನ ಕಡೆ ತಿರುಗಿತು. ನಮ್ಮ ಮಟ್ಕಾ ನೆನಪಿದ್ರೆ ಬೇಗ ಅರ್ಥ ಆಗುತ್ತೆ. ಬುಕ್ಕಿಗಳಿಗೆ ದೂರದ ಊರಿನ ರೇಸ್ ರಿಸಲ್ಟು ಆ ಕ್ಷಣಕ್ಕೇ ಬೇಕು, ಅದನ್ನ ತಂತಿ ಮೂಲಕ ಕಳಿಸೋ ಒಂದು ಸರ್ವಿಸ್ ಇತ್ತು, ಆ ತಂತಿ ಯಾರ ಕೈಲಿದೆಯೋ ದೇಶದ ಬುಕ್ಕಿಗಳೆಲ್ಲ ಅವರ ಕೈಲಿ. ಆ ಸರ್ವಿಸ್ ನಡೆಸ್ತಿದ್ದ ಜೇಮ್ಸ್ ರೇಗನ್‌ಗೆ 1946ರಲ್ಲಿ ಚಿಕಾಗೋ ಬೀದಿಯಲ್ಲೇ ಹಾಡಹಗಲಲ್ಲಿ ಗುಂಡು ಬಿತ್ತು, ಒಂದೆರಡು ತಿಂಗಳಲ್ಲಿ ತೀರ್ಕೊಂಡ. 1950ರಿಂದ 51ರ ತನಕ ಸೆನೆಟರ್ ಕೆಫಾವರ್ ಅನ್ನೋರ ಕಮಿಟಿ ಊರೂರು ಸುತ್ತಿ ಇದೇ ವಿಷಯದ ಮೇಲೆ ವಿಚಾರಣೆ ಮಾಡಿತು, ಟೀವಿಯಲ್ಲೂ ಬಂತು, ಜನ ಕೆಲಸ ಬಿಟ್ಟು ನೋಡಿದ್ರು. ಈ ಪುಸ್ತಕಗಳು ಅಷ್ಟು ಮಾರಾಟ ಆಗಿದ್ದಕ್ಕೆ ಆ ಗಾಳಿಯೂ ಒಂದು ಕಾರಣ. ಕಮಿಟಿಯ ಸಾಕ್ಷ್ಯ ಪಕ್ಕದಲ್ಲಿಟ್ಟುಕೊಂಡು ಓದಿದ್ರೆ ಯಾವ ಹೆಸರು ಬರೀ ಗಾಸಿಪ್ಪು ಯಾವುದು ಅಲ್ಲ ಅಂತ ಬೇರೆ ಮಾಡಬಹುದು.

ಸುಳ್ಳು ಎಲ್ಲಿ ಅಂದ್ರೆ ಜನರ ಬಗ್ಗೆ ಬರೆಯುವಾಗ. ಕಪ್ಪು ಜನ, ಸಲಿಂಗಿಗಳು, ಹೊರದೇಶದಿಂದ ಬಂದೋರು, ಕೆಲಸಕ್ಕೆ ಹೋಗೋ ಹೆಣ್ಮಕ್ಕಳು, ಎಡಪಂಥದೋರು, ಎಲ್ಲರನ್ನೂ ಒಂದೇ ಕೊಳಕು ಬುಟ್ಟಿಗೆ ಹಾಕಿ ಬರೆದಿದ್ದಾರೆ. ಓದುವಾಗ ಮೈ ಉರಿಯುತ್ತೆ, ಮೊದಲೇ ಹೇಳಿರ್ತೀನಿ. ಕಪ್ಪು ಜನ ಹೆಚ್ಚಾಗಿದ್ದ ಚಿಕಾಗೋ ಸೌತ್ ಸೈಡ್ ಬಗ್ಗೆ ಇವರು ಬರೆದದ್ದರಲ್ಲಿ ಹೆದರಿಕೆ ಬಿಟ್ರೆ ಏನೂ ಇಲ್ಲ, ಆದ್ರೆ ಪುಸ್ತಕ ಬಂದ ಅದೇ 1950ರಲ್ಲಿ ಅದೇ ಸೌತ್ ಸೈಡಲ್ಲಿ ಚೆಸ್ ರೆಕಾರ್ಡ್ಸ್ ಅನ್ನೋ ಹಾಡಿನ ರೆಕಾರ್ಡ್ ಕಂಪನಿ ಆ ಹೆಸರಲ್ಲಿ ಶುರುವಾಯ್ತು, ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಆ ಬೀದಿಗಳ ಬಾರಲ್ಲಿ ಕರೆಂಟ್ ಗಿಟಾರ್ ಹಿಡಿದು ಹಾಡ್ತಿದ್ದ. ಇವತ್ತು ಲೋಕ ಚಿಕಾಗೋ ರಾತ್ರಿ ಅಂತ ನೆನೆಸ್ಕೊಳ್ಳೋದು ಆ ಸಂಗೀತವನ್ನ. ನೈಟ್‌ಲೈಫ್ ಎಕ್ಸ್‌ಪರ್ಟ್ ಅನ್ನಿಸ್ಕೊಂಡೋರ ಕಿವಿಗೆ ಅದು ಬೀಳಲೇ ಇಲ್ಲ.

ಕೊನೆಗೆ ಸಿಕ್ಕಿಹಾಕಿಕೊಂಡಿದ್ದೂ ಈ ಬಾಯಿಚಪಲದಿಂದಲೇ. 52ರ ಪುಸ್ತಕದಲ್ಲಿ ಡಲ್ಲಾಸಿನ ನೀಮನ್ ಮಾರ್ಕಸ್ ಅನ್ನೋ ದೊಡ್ಡ ಬಟ್ಟೆ ಅಂಗಡಿಯ ಮಾಡೆಲ್‌ಗಳ ಬಗ್ಗೆ, ಸೇಲ್ಸ್ ಹುಡುಗಿಯರ ಬಗ್ಗೆ, ಗಂಡಸು ಸೇಲ್ಸ್‌ಮನ್‌ಗಳ ಬಗ್ಗೆ ಬಾಯಿಗೆ ಬಂದಂಗೆ ಬರೆದ್ರು. ಅಂಗಡಿಯವರು ಮತ್ತೆ ಕೆಲಸಗಾರರು ಮಾನನಷ್ಟ ಕೇಸ್ ಹಾಕಿದ್ರು. ಕೋರ್ಟ್ ಹೇಳಿದ್ದು ಕೇಳಿ, ಇವತ್ತಿಗೂ ಅಮೆರಿಕದ ಲಾ ಕಾಲೇಜುಗಳಲ್ಲಿ ಪಾಠ: ಮಾಡೆಲ್‌ಗಳು ಇರೋದೇ ಒಂಬತ್ತು ಜನ, ಒಂಬತ್ತೂ ಜನ ಕೇಸ್ ನಡೆಸಬಹುದು. ಸೇಲ್ಸ್‌ಮನ್‌ಗಳು 25 ಜನ, ಅದರಲ್ಲಿ ಬಂದ 15 ಜನರೂ ನಡೆಸಬಹುದು. ಆದ್ರೆ ಸೇಲ್ಸ್ ಹೆಣ್ಮಕ್ಕಳು 382 ಜನ, ಅಷ್ಟು ದೊಡ್ಡ ಗುಂಪಿಗೆ ಬೈದ್ರೆ ಯಾವಳೋ ಒಬ್ಬಳಿಗೆ ಬೈದಂಗೆ ಆಗಲ್ಲ, ಹಾಗಾಗಿ ಅವರ ಪರವಾಗಿ ಬಂದ 30 ಜನರ ಕೇಸ್ ವಜಾ. ಇದನ್ನ ತಿರುಗಿಸಿ ನೋಡಿದ್ರೆ ಈ ಪುಸ್ತಕಗಳನ್ನ ಬರೆಯೋ ಕಸುಬಿನ ಗುಟ್ಟೇ ಗೊತ್ತಾಗುತ್ತೆ, ಒಬ್ಬರ ಹೆಸರು ಹಿಡಿದು ಬರೆದ್ರೆ ಕೋರ್ಟು, ಇಡೀ ಜಾತಿಗೋ ಕೇರಿಗೋ ಬರೆದ್ರೆ ಬಚಾವ್. ಅದಕ್ಕೇ ಇವುಗಳಲ್ಲಿ 'ಇವರೆಲ್ಲ ಹೀಗೇ' ಅನ್ನೋ ಸಾಲು ಅಷ್ಟೊಂದು.

ಇದು ಓದುಗ ದುಡ್ಡು ಕೊಟ್ಟ ಪುಸ್ತಕದ ಕಥೆ. ಬೇರೆಯವರು ದುಡ್ಡು ಕೊಟ್ಟಾಗ ಸುಳ್ಳಿನ ಜಾಗವೇ ಬೇರೆ, ಅದಕ್ಕೆ ಆಮೇಲೆ ಬರ್ತೀನಿ, ಮೊದಲು ಇನ್ನೂ ಹಳೇ ಎರಡು ಗೈಡು ನೋಡೋಣ. ಲಂಡನ್ನಿನಲ್ಲಿ 1757ರಿಂದ 1795ರ ತನಕ ವರ್ಷವರ್ಷ ಒಂದು ಜೇಬುಪುಸ್ತಕ ಬರ್ತಿತ್ತು, ಹೆಸರು 'ಹ್ಯಾರಿಸ್ ಲಿಸ್ಟ್', ಬೆಲೆ ಎರಡೂವರೆ ಶಿಲಿಂಗು. ಕೋವೆಂಟ್ ಗಾರ್ಡನ್ ಸುತ್ತಮುತ್ತಲಿನ ಹೆಂಗಸರ ಹೆಸರು, ವಿಳಾಸ, ವರ್ಣನೆ, ರೇಟು. ಹ್ಯಾರಿಸ್ ಅಂದ್ರೆ ಜ್ಯಾಕ್ ಹ್ಯಾರಿಸ್, ಅಲ್ಲಿನ ಶೇಕ್ಸ್‌ಪಿಯರ್ಸ್ ಹೆಡ್ ಅನ್ನೋ ಹೋಟೆಲಿನ ಹೆಡ್ ವೇಟರ್ರು ಕಮ್ ತಲೆಹಿಡುಕ, ಅವನ ಹತ್ರ ಕೈಬರಹದ ಪಟ್ಟಿ ಇರ್ತಿತ್ತು. ಆದ್ರೆ ಪುಸ್ತಕ ಬರೆದೋನು ಅವನಲ್ಲ, ಸ್ಯಾಮ್ಯುಯೆಲ್ ಡೆರಿಕ್ ಅನ್ನೋ ಐರಿಷ್ ಕವಿ, ಕವಿತೆಯಿಂದ ಹೊಟ್ಟೆ ತುಂಬದೆ ಇದಕ್ಕೆ ಇಳಿದೋನು. ಒಳಗಿನ ಮಾಹಿತಿ ವೇಟರಿಂದು, ವಿಶೇಷಣಗಳು ಕವಿದು. ನೋಡಿ, ಇದೇ ಕವಿ ಕೆಲವೇ ವರ್ಷದಲ್ಲಿ ಬಾತ್ ಅನ್ನೋ ಊರಲ್ಲಿ ಶ್ರೀಮಂತರ ನೃತ್ಯಕೂಟಗಳ ಯಜಮಾನಿಕೆ ವಹಿಸ್ಕೊಂಡ, ಯಾರು ಯಾರ ಜೊತೆ ಮರ್ಯಾದೆಯಿಂದ ಹೇಗೆ ನಡ್ಕೋಬೇಕು ಅಂತ ಹೇಳ್ಕೊಡೋ ಕೆಲಸ! ಪಟ್ಟಿ ಅವನು ಸತ್ತ ಮೇಲೂ ನಡೀತು, ಕೊನೆಗೆ ಪ್ರಕಾಶಕರ ಮೇಲೆ ಕೇಸ್ ಆಗಿ 1795ಕ್ಕೆ ನಿಂತುಹೋಯ್ತು.

ಇದೇ ಜಾತಿಯಲ್ಲಿ ನನಗೆ ಅತೀ ಇಷ್ಟವಾದ ಕಪಟ ಅಂದ್ರೆ 1870ರ ನ್ಯೂಯಾರ್ಕಿನ 'ಜೆಂಟಲ್‌ಮನ್ಸ್ ಡೈರೆಕ್ಟರಿ'. ವೆಸ್ಟ್‌ಕೋಟ್ ಜೇಬಿಗೆ ಹಿಡಿಸೋವಷ್ಟು ಚಿಕ್ಕದು, ಸುಮಾರು ನೂರೈವತ್ತು ಮನೆಗಳ ವಿಳಾಸ, ಎಲ್ಲಿ ಪೀಠೋಪಕರಣ ಚೆನ್ನಾಗಿದೆ, ಎಲ್ಲಿ ವೈನ್ ಚೆನ್ನಾಗಿಲ್ಲ ಅನ್ನೋತನಕ. ಮುನ್ನುಡಿಯಲ್ಲಿ ಮಾತ್ರ, ಓದುಗರು ಇಂಥ ಜಾಗಕ್ಕೆ ಹೋಗೋರೇ ಅಲ್ಲ ಅಂತ ನಮಗೆ ಗೊತ್ತು, ತಪ್ಪಿಸ್ಕೊಂಡು ಓಡಾಡೋಕೆ ಅನುಕೂಲ ಆಗಲಿ ಅಂತಷ್ಟೇ ವಿಳಾಸ ಕೊಟ್ಟಿದ್ದೀವಿ ಅನ್ನೋ ಅರ್ಥದ ಮಾತು! ಮನೆ ನಂಬರ್ ಸಮೇತ ಎಚ್ಚರಿಕೆ.

ಹೆಚ್ಚು ಹೇಳಬೇಕಾದ್ದು ನ್ಯೂ ಆರ್ಲಿಯನ್ಸಿನ 'ಬ್ಲೂ ಬುಕ್' ಬಗ್ಗೆ. ಅಲ್ಲಿ 1897ರಲ್ಲಿ ಸಿಡ್ನಿ ಸ್ಟೋರಿ ಅನ್ನೋ ಕೌನ್ಸಿಲರ್ ಒಂದು ಕಾನೂನು ತಂದ್ರು, ಈ ದಂಧೆ ಇಂತಿಂಥ ಬೀದಿಗಳ ಹೊರಗೆ ಎಲ್ಲೂ ನಡೀಕೂಡದು ಅಂತ. ಒಳಗೆ ನಡೀಬಹುದು ಅಂತ ಎಲ್ಲೂ ಬರೆದಿಲ್ಲ ಗಮನಿಸಿ, ಹೊರಗೆ ಕೂಡದು ಅಂತಷ್ಟೇ. ಪಾಪ ಆ ಮನುಷ್ಯ ಊರು ಶುದ್ಧ ಮಾಡೋಕೆ ಹೊರಟಿದ್ದು, ಜನ ಆ ಕೇರಿಗೆ ಅವರ ಹೆಸರನ್ನೇ ಇಟ್ಟು 'ಸ್ಟೋರಿವಿಲ್' ಅಂದ್ರು. ಟಾಮ್ ಆಂಡರ್ಸನ್ ಅನ್ನೋ ಸಲೂನ್ ಮಾಲೀಕ, ಶಾಸಕ ಕೂಡ ಆಗಿದ್ದೋನು, ಅಲ್ಲಿ ಪಾಳೇಗಾರ ಇದ್ದಂಗೆ. ಅವನ ಮ್ಯಾನೇಜರ್ ಬಿಲ್ಲಿ ಸ್ಟ್ರೂವ್ ಈ ಬ್ಲೂ ಬುಕ್ ತರ್ತಿದ್ದ, ಬೆಲೆ 25 ಸೆಂಟು, ರೈಲ್ವೆ ಸ್ಟೇಷನ್, ಸಲೂನು, ಕ್ಷೌರದಂಗಡಿಗಳಲ್ಲಿ ಸಿಗ್ತಿತ್ತು.

ಇದಕ್ಕೆ ದುಡ್ಡು ಕೊಟ್ಟೋರು ಜಾಹೀರಾತುದಾರರು, ಅಂದ್ರೆ ಮನೆ ನಡೆಸೋ ಯಜಮಾನಿಯರು. ಅದಕ್ಕೇ ಇದರಲ್ಲಿ ಒಂದೇ ಒಂದು ಅಸಭ್ಯ ಪದ ಇಲ್ಲ, ರೇಟೂ ಇಲ್ಲ. ಲುಲು ವೈಟ್ ಅವರ ಮಹಾಗನಿ ಹಾಲ್, ಜೋಸಿ ಆರ್ಲಿಂಗ್ಟನ್ ಅವರ ಬಂಗಲೆ, ಕೌಂಟೆಸ್ ಅಂತ ಬಿರುದು ಹಾಕ್ಕೊಂಡಿದ್ದ ವಿಲ್ಲಿ ಪಿಯಾಜಾ, ಎಲ್ಲರ ಮನೆಯೂ ಅರಮನೆ, ಎಲ್ಲ ಕಡೆ ಕನ್ನಡಿ, ಎಲ್ಲ ಹೆಣ್ಮಕ್ಕಳೂ ಸಂಗೀತ ಸಾಹಿತ್ಯ ಬಲ್ಲೋರು. ಈಗಿನ ಅಪಾರ್ಟ್‌ಮೆಂಟ್ ಬ್ರೋಷರ್ ಓದಿದ್ದೀರಲ್ಲ, ಅದೇ ಭಾಷೆ. ನಡುನಡುವೆ ವಿಸ್ಕಿ, ಸಿಗಾರು, ವಕೀಲರು, ಗುಪ್ತರೋಗದ ಔಷಧಿ ಇವುಗಳ ಜಾಹೀರಾತು. ನಾನು ಮೊದಲು ಓದೋದು ಆ ಔಷಧಿ ಜಾಹೀರಾತನ್ನೇ, ಅರಮನೆಯ ವರ್ಣನೆ ಮುಚ್ಚಿಟ್ಟಿದ್ದನ್ನ ಅದು ಹೇಳಿಬಿಡುತ್ತೆ.

ಇನ್ನೊಂದು ವಿಷಯ ಇದೆ, ಅದು ಹೊಟ್ಟೆ ತೊಳೆಸೋದು. ಹೆಸರುಗಳ ಮುಂದೆ ಅಕ್ಷರ ಹಾಕಿರ್ತಾರೆ, ಬಿಳಿಯರಿಗೆ ಒಂದು, ಕಪ್ಪು ಹೆಂಗಸರಿಗೆ ಒಂದು, ಎಂಟರಲ್ಲಿ ಒಂದು ಪಾಲು ಕಪ್ಪು ರಕ್ತ ಅಂತ ಲೆಕ್ಕ ಹಾಕಿದೋರಿಗೆ 'ಆಕ್ಟರೂನ್' ಅನ್ನೋ ಇನ್ನೊಂದು ಗುರುತು. ಇದೇ ಊರಿನ ರೈಲು ಬೋಗಿಯ ಕೇಸಲ್ಲಿ 1896ರಲ್ಲಿ, ಅಂದ್ರೆ ಸ್ಟೋರಿವಿಲ್ ಕಾನೂನಿನ ಹಿಂದಿನ ವರ್ಷ, ಸುಪ್ರೀಂ ಕೋರ್ಟು ಬಿಳಿಯರು ಕರಿಯರು ಬೇರೆಬೇರೆ ಡಬ್ಬಿಯಲ್ಲಿ ಕೂರಬೇಕು ಅನ್ನೋ ಕಾನೂನು ಸರಿ ಅಂತ ತೀರ್ಪು ಕೊಟ್ಟಿತ್ತು. ಆ ಕೇಸ್ ಹಾಕಿದ ಹೋಮರ್ ಪ್ಲೆಸಿಯೂ ಎಂಟರಲ್ಲಿ ಒಂದು ಪಾಲಿನ ಲೆಕ್ಕದೋನೇ. ಹಗಲು ಬೋಗಿಯಲ್ಲಿ ಪಕ್ಕ ಕೂರೋ ಹಂಗಿಲ್ಲ, ರಾತ್ರಿ ಅದೇ ಎಂಟನೇ ಒಂದು ಪಾಲು ಜಾಹೀರಾತಿನ ಸರಕು. ಬ್ಲೂ ಬುಕ್ಕನ್ನ ತಮಾಷೆ ಪುಸ್ತಕ ಅಂತ ತೋರಿಸೋರಿಗೆ ನಾನು ಇದನ್ನೇ ಹೇಳೋದು. ಮತ್ತೆ ಅರಮನೆಗಳ ಹಿಂದಿನ ಬೀದಿಗಳಲ್ಲಿ ಒಂದು ಮಂಚ ಹಿಡಿಸೋವಷ್ಟು ಗೂಡುಗಳಲ್ಲಿದ್ದ ಬಡ ಹೆಂಗಸರ ಹೆಸರು ಸಾಮಾನ್ಯವಾಗಿ ಇದರಲ್ಲಿ ಬರೋದೇ ಇಲ್ಲ, ಜಾಹೀರಾತಿಗೆ ದುಡ್ಡು ಅವರಲ್ಲೆಲ್ಲಿ. ಆ ಕೇರಿಗೆ ಕಲ್ಲಿದ್ದಲು ಹಾಕ್ತಿದ್ದ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್, ಪಾರ್ಲರಲ್ಲಿ ಪಿಯಾನೋ ನುಡಿಸ್ತಿದ್ದೋನು ಜೆಲ್ಲಿ ರೋಲ್ ಮಾರ್ಟನ್, ಇಬ್ಬರೂ ಜಾಝ್ ಸಂಗೀತದ ದೊಡ್ಡ ಹೆಸರು. 1917ರ ನವೆಂಬರಲ್ಲಿ, ಮಹಾಯುದ್ಧದ ಟೈಮು, ನೌಕಾದಳದ ಒತ್ತಡಕ್ಕೆ ಕೇರಿ ಮುಚ್ಚಿಸಿದ್ರು, ಆಮೇಲೆ ಹೆಚ್ಚುಕಮ್ಮಿ ಎಲ್ಲ ಕೆಡವಿ ಸರ್ಕಾರಿ ವಸತಿ ಕಟ್ಟಿದ್ರು. ಈಗ ಆ ಬೀದಿಗಳ ಬಗ್ಗೆ ತಿಳ್ಕೋಬೇಕಂದ್ರೆ ಈ ಜಾಹೀರಾತು ಪುಸ್ತಕವೂ ಒಂದು ಆಸರೆ.

ಜಾಹೀರಾತು ಅತಿಯಾದ್ರೆ ಏನಾಗುತ್ತೆ ಅನ್ನೋದಕ್ಕೆ ನಿಮ್ಮ ಚಿಕಾಗೋದಲ್ಲೇ ಉದಾಹರಣೆ ಇದೆ. ಸೌತ್ ಡಿಯರ್‌ಬಾರ್ನ್ ಸ್ಟ್ರೀಟಲ್ಲಿ ಆಡಾ ಮತ್ತೆ ಮಿನ್ನಾ ಎವರ್ಲಿ ಅನ್ನೋ ಅಕ್ಕತಂಗಿಯರು 1900ರಿಂದ ದೇಶಕ್ಕೇ ಹೆಸರಾದ ಒಂದು ಮನೆ ನಡೆಸ್ತಿದ್ರು, ಪೊಲೀಸರು ರಾಜಕಾರಣಿಗಳು ಎಲ್ಲರಿಗೂ ಮಾಮೂಲು ತಲುಪ್ತಿತ್ತು, ಹನ್ನೊಂದು ವರ್ಷ ಯಾರೂ ಮುಟ್ಟಲಿಲ್ಲ. ಅವರು ರೂಮುಗಳ ಫೋಟೋ ಹಾಕಿ ಚೆಂದದ ಒಂದು ಬ್ರೋಷರ್ ಮಾಡಿಸಿದ್ರು. ಅದು ಮೇಯರ್ ಕಾರ್ಟರ್ ಹ್ಯಾರಿಸನ್ ಕೈಗೆ ಬಿತ್ತು. 1911ರ ಅಕ್ಟೋಬರಲ್ಲಿ ಬಾಗಿಲು ಬಂದ್. ದಂಧೆ ಎಲ್ಲರಿಗೂ ಗೊತ್ತಿತ್ತು, ಅಚ್ಚಾಗಿದ್ದು ಮಾತ್ರ ತಪ್ಪಾಯ್ತು.

ಜಪಾನಿನ ಕಥೆ ಇನ್ನೂ ಹಳೇದು, ಇನ್ನೂ ಅಚ್ಚುಕಟ್ಟು. ಎಡೋ, ಅಂದ್ರೆ ಈಗಿನ ಟೋಕಿಯೋದ ಯೋಶಿವಾರ ಕೇರಿಗೆ 1617ರಲ್ಲೇ ಸರ್ಕಾರಿ ಲೈಸೆನ್ಸು. ಅದರ ಗೈಡಿಗೆ 'ಸೈಕೆನ್' ಅಂತ ಹೆಸರು, ವರ್ಷಕ್ಕೆ ಎರಡು ಸಲ ಬರ್ತಿತ್ತು, ನಮ್ಮ ಪಂಚಾಂಗದ ಥರ ಪಕ್ಕಾ, ಬೀದಿ ನಕ್ಷೆ, ಮನೆ, ಹೆಸರು, ದರ್ಜೆ ತೋರಿಸೋ ಚಿಹ್ನೆ, ರೇಟು. ಕೇರಿಯಲ್ಲೇ ಹುಟ್ಟಿದ ತ್ಸುತಾಯಾ ಜೂಜಾಬುರೋ ಅನ್ನೋ ಹುಡುಗ ಕೇರಿ ಬಾಗಿಲ ಮುಂದೆ ಪುಸ್ತಕದಂಗಡಿ ಇಟ್ಟು, 1783ರ ಹೊತ್ತಿಗೆ ಸೈಕೆನ್ ಪೂರ್ತಿ ತನ್ನ ಕೈಗೆ ತಗೊಂಡ, ಆಮೇಲೆ ಉತಮಾರೋನಂಥ ದೊಡ್ಡ ಕಲಾವಿದರನ್ನ ಪ್ರಕಟಿಸಿದ. 2025ರಲ್ಲಿ ಜಪಾನ್ ಟೀವಿಯ ವರ್ಷವಿಡೀ ಬರೋ ದೊಡ್ಡ ಸೀರಿಯಲ್ ಇವನದೇ ಕಥೆ. ಇಲ್ಲಿ ಸುಳ್ಳು ಎಲ್ಲಿ ಅಂದ್ರೆ ಹೆಸರುಗಳಲ್ಲಿ. ದೊಡ್ಡ ಮನೆಗಳಲ್ಲಿ ಹೆಸರು ಮನೆಯ ಆಸ್ತಿ, ಒಬ್ಬಳು ಹೋದ್ರೆ ಅದೇ ಹೆಸರು ಇನ್ನೊಬ್ಬಳಿಗೆ, ಚಿಕ್ಕ ವಯಸ್ಸಲ್ಲಿ ಅಪ್ಪ ಅಮ್ಮ ಸಾಲಕ್ಕೆ ಮಾರಿದ ಹುಡುಗಿಯ ಸ್ವಂತ ಹೆಸರು ಯಾವ ಸಂಚಿಕೆಯಲ್ಲೂ ಬರಲ್ಲ.

ನಮ್ಮಲ್ಲಿ ಇಂಥ ಗೈಡು ಇತ್ತಾ ಅಂತ ಕೇಳ್ತಾರೆ. ಅಚ್ಚಿನ ಗೈಡು ನಾನು ಕಂಡಿಲ್ಲ, ಆದ್ರೆ ಸೂಳೆಗೇರಿ ವರ್ಣನೆ ನಮ್ಮ ಕಾವ್ಯಗಳಲ್ಲಿ ಬೇಕಾದಷ್ಟಿದೆ. ಪಂಪನ ಅರ್ಜುನ ಕೂಡ ಸುಭದ್ರೆ ಯೋಚನೇಲಿ ನಿದ್ದೆ ಬಾರದೆ ಬೆಳದಿಂಗಳಲ್ಲಿ ಆ ಕೇರಿ ಸುತ್ತಿ ಬರ್ತಾನೆ. ಇನ್ನು ಗೈಡ್‌ಬುಕ್ ಥರದ್ದೇ ಬರಹ ಬೇಕಂದ್ರೆ ಹಂಪಿಗೆ ಬನ್ನಿ. 1443ರಲ್ಲಿ ಎರಡನೇ ದೇವರಾಯನ ಕಾಲದಲ್ಲಿ ಬಂದ ಪರ್ಷಿಯನ್ ರಾಯಭಾರಿ ಅಬ್ದುಲ್ ರಜಾಕ್ ಬರೆದಿಟ್ಟಿದ್ದಾನೆ: ಟಂಕಸಾಲೆ ಹಿಂದೆ ಅಗಲವಾದ ಬೀದಿ, ಎರಡೂ ಕಡೆ ಮನೆ, ಮನೆಮುಂದೆ ಹುಲಿ ಸಿಂಹಗಳ ಚಿತ್ರ, ಅಲ್ಲಿನ ಆದಾಯದಿಂದಲೇ ಊರ ಪೊಲೀಸರ ಸಂಬಳ, ದಿನಕ್ಕೆ ಹನ್ನೆರಡು ಸಾವಿರ ಪಣ. ಇವನ ಸಾಲಿಗೆ ದುಡ್ಡು ಕೊಟ್ಟೋರು ಆ ಕೇರಿಯೋರಲ್ಲ, ಕೊಂಡು ಓದೋರೂ ಅಲ್ಲ, ಅವನನ್ನ ಕಳಿಸಿದ್ದು ಹೆರಾತಿನ ದೊರೆ. ಹಾಗಾಗಿ ಸಂಬಳ ಎಲ್ಲಿಂದ ಬರುತ್ತೆ ಅನ್ನೋ ಒಂದು ಮಾತನ್ನ ಸಂಕೋಚ ಇಲ್ಲದೆ ಬರೆದ. 

ಸರಿ, ನಿಮ್ಮ ಪ್ರತಿಗೆ ವಾಪಸ್ ಬರೋಣ. ಮಾರಾಟದ ಆಸೆ ಬಿಟ್ಬಿಡಿ. ಲೆಕ್ಕವಿಲ್ಲದಷ್ಟು ಅಚ್ಚಾದ ಪುಸ್ತಕ, ಪೇಪರ್‌ಬ್ಯಾಕ್ ಆದ್ರಂತೂ ಅಮೆರಿಕದಲ್ಲಿ ಎಲ್ಲ ಹಳೇ ಪುಸ್ತಕದ ಅಂಗಡಿಯಲ್ಲೂ ಬಿದ್ದಿರುತ್ತೆ, ಪೋಸ್ಟ್ ಖರ್ಚು ಹುಟ್ಟಲ್ಲ. ದುಡ್ಡು ಬರೋದು ಬ್ಲೂ ಬುಕ್ಕಿನಂಥವಕ್ಕೆ, ಅದರಲ್ಲೂ ಆಮೇಲೆ ಅಚ್ಚು ಹಾಕಿದ ನಕಲುಗಳು ಓಡಾಡ್ತಿವೆ, ಹುಷಾರು. ನಿಮ್ಮದು ಹಾರ್ಡ್ ಬೌಂಡಾಗಿದ್ದು ಮೇಲಿನ ಪೇಪರ್ ಜಾಕೆಟ್ ಹರೀದೇ ಇದ್ರೆ ಸ್ವಲ್ಪ ಮರ್ಯಾದೆ ಜಾಸ್ತಿ, ಅಷ್ಟೇ. ಪೆನ್ಸಿಲ್ ಗೆರೆ ರಬ್ಬರ್ ಹಾಕಿ ಅಳಿಸೋಕೆ ಮಾತ್ರ ಹೋಗ್ಬೇಡಿ, ದಯವಿಟ್ಟು. ಇಡೀ ಪುಸ್ತಕದಲ್ಲಿ ಯಾರೂ ದುಡ್ಡು ಕೊಡದೆ ಬರೆದದ್ದು ಅದೊಂದೇ.

ಗೆರೆ ಎಳೆದ ಸಾಲಲ್ಲಿ ವಿಳಾಸ ಇದ್ರೆ ಅದನ್ನ ಆ ಕಾಲದ ಚಿಕಾಗೋ ಟೆಲಿಫೋನ್ ಡೈರೆಕ್ಟರಿ ಜೊತೆ ಹೋಲಿಸಿ ನೋಡ್ಬಹುದು, ಅಲ್ಲಿನ ಲೈಬ್ರರಿಗಳಲ್ಲಿ ಇವೆ. ಇನ್ನೂ ಹಳೇ ವಿಳಾಸ ಆದ್ರೆ ಸ್ಯಾನ್‌ಬಾರ್ನ್ ಅನ್ನೋ ಕಂಪನಿ ಬೆಂಕಿ ವಿಮೆಗೋಸ್ಕರ ಮಾಡಿದ ನಕ್ಷೆಗಳು ಆನ್‌ಲೈನಲ್ಲೇ ಸಿಗ್ತವೆ, ಒಂದೊಂದು ಕಟ್ಟಡವೂ ಇರುತ್ತೆ, ಇಟ್ಟಿಗೆದಾ ಮರದ್ದಾ ಅನ್ನೋದು ಬಣ್ಣದಲ್ಲಿ. ಎಷ್ಟೋ ಊರುಗಳ ನಕ್ಷೆಯಲ್ಲಿ ಕೆಲವು ಮನೆ ಮೇಲೆ 'ಎಫ್ ಬಿ' ಅಂತಿರುತ್ತೆ, ಫೀಮೇಲ್ ಬೋರ್ಡಿಂಗ್ ಅಂತ, ನಕ್ಷೆಯೋರು ಮರ್ಯಾದೆಯಾಗಿ ಇಟ್ಟ ಹೆಸರು. ವಿಮೆ ಕಂಪನಿಗೆ ಬೇಕಾಗಿದ್ದು ಬೆಂಕಿ ಬಿದ್ರೆ ಎಷ್ಟು ಲಾಸ್ ಅನ್ನೋದು, ನೀತಿ ಅಲ್ಲ, ಅದಕ್ಕೇ ಈ ಪುಸ್ತಕಗಳೆಲ್ಲಕ್ಕಿಂತ ಆ ನಕ್ಷೆ ಮೇಲೆ ನನಗೆ ನಂಬಿಕೆ.

ದೊಡ್ಡಮ್ಮನಿಗೆ ತೋರಿಸಿ, ಏನೂ ಆಗಲ್ಲ. ಅವರಿಗೆ ಆ ನಾಲ್ಕು ವರ್ಷದ ವಿಷಯ ನಿಮಗಿಂತ ಜಾಸ್ತಿ ಗೊತ್ತಿರುತ್ತೆ, ಕಾಗದಗಳು ಬಂದಿರ್ತವೆ. ಒಂದು ಮಾತ್ರ ನೀವು ಬರೀಲಿಲ್ಲ, ಟ್ರಂಕಲ್ಲಿ ಪುಸ್ತಕದ ಜೊತೆ ಇನ್ನೇನಿತ್ತು? ಆಗಿನ ಕಾಲದಲ್ಲಿ ಚಿಕಾಗೋದ ಬಾರು ಕ್ಲಬ್ಬು ಹೋಟೆಲು ಎಲ್ಲರೂ ತಮ್ಮ ಹೆಸರು ಅಚ್ಚು ಹಾಕಿಸಿದ ಚಿಕ್ಕ ರಟ್ಟಿನ ಬೆಂಕಿಪೊಟ್ಟಣ ಪುಕ್ಕಟೆ ಕೊಡ್ತಿದ್ರು, ಬಂದೋರು ಜೇಬಿಗೆ ಹಾಕ್ಕೊಂಡು ಹೋಗ್ತಿದ್ರು. ಪುಸ್ತಕ ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ಕೊಂಡುಕೋಬಹುದು, ಬೆಂಕಿಪೊಟ್ಟಣ ಸಿಗೋದು ಸಾಮಾನ್ಯವಾಗಿ ಒಳಗೆ ಹೋಗಿ ಕೂತೋರಿಗೆ. ಟ್ರಂಕಿನ ತಳ ಇನ್ನೊಂದು ಸಲ ನೋಡಿ, ಅಂಥದ್ದೇನಾದ್ರೂ ಸಿಕ್ರೆ ದೊಡ್ಡಮ್ಮನಿಗೆ ತೋರಿಸೋ ಮುಂಚೆ ನನಗೊಂದು ಫೋಟೋ ಕಳಿಸಿ.